ಗಂಡ ಬದುಕಿರುವ ವಿಧವೆಗೆ ಬಂದ ಚಿನ್ನದ ಪದಕ

ವಿಶ್ವವಿದ್ಯಾನಿಲಯದ ಚಿತ್ರಕಲಾ ವಿಭಾಗದ ಮುಖ್ಯ ಅಧ್ಯಾಪಕರಾದ ಮಾನ್ಯರೇ,

ನನ್ನ ಭಾವ ಸತ್ತಿಲ್ಲ. ಕೋರಮಂಡಲ್ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಾರೆ, ಎರಡು ಹೊತ್ತು ಮುದ್ದೆ ಉಣ್ಣುತ್ತಾರೆ, ಬೀಡಿ ಬಿಟ್ಟೆನೆಂದು ತಿಂಗಳಿಗೊಮ್ಮೆ ಆಣೆ ಇಡುತ್ತಾರೆ. ಹೀಗಿದ್ದರೂ ತಮ್ಮ ವಿಭಾಗವು ಅವರನ್ನು ಕೊಂದು, ನನ್ನ ಅಕ್ಕನನ್ನು ವಿಧವೆ ಮಾಡಿ, ಅದಕ್ಕಾಗಿ ಬೊಂಬಾಯಿಯ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆದಿದೆ. ಪದಕ ತಮ್ಮಲ್ಲೇ ಇರಲಿ. ಅಕ್ಕನ ಗಂಡನನ್ನು ಮಾತ್ರ ಹಿಂದಕ್ಕೆ ಕೊಡಬೇಕೆಂದು ಕೇಳುವುದಕ್ಕೆ ಈ ಕಾಗದ ಬರೆಯುತ್ತಿದ್ದೇನೆ. ತಮ್ಮ ಸಾಧನೆಗಳನ್ನು ಅಚ್ಚು ಮಾಡಿದ ಪತ್ರಿಕೆಗೇ ಇದನ್ನೂ ಕಳಿಸುತ್ತಿದ್ದೇನೆ. ಅಲ್ಲಿ ಜಾಗಕ್ಕೆ ಕೊರತೆಯಿಲ್ಲವೆಂಬುದು ತಮ್ಮ ಬರಹದ ಉದ್ದ ನೋಡಿದಾಗಲೇ ತಿಳಿಯಿತು.

'ಚಿತ್ರಕಲಾ ವಿಭಾಗದ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಇತ್ತೀಚಿನ ಸಾಧನೆಗಳು' ಎಂಬ ಆ ಬರಹವನ್ನು ನಾನು ಮೊದಲಿಂದ ಕೊನೆಯವರೆಗೆ ಓದಿದ್ದೇನೆ. ತಮ್ಮ ಉಪಾಧ್ಯಾಯರೊಬ್ಬರು ಮದರಾಸಿಗೆ ಹೋಗಿ 'ಕಲೆಯಲ್ಲಿ ಸತ್ಯ' ಎಂಬ ವಿಷಯವಾಗಿ ಒಂದೂವರೆ ಗಂಟೆ ಮಾತನಾಡಿದರಂತೆ. ಸತ್ಯಕ್ಕೆ ಅಷ್ಟು ಹೊತ್ತು ಬೇಕಾಯಿತೆಂದರೆ ಅದು ಬಹಳ ದೂರದಲ್ಲಿದ್ದಿರಬೇಕು. ಇನ್ನೊಬ್ಬ ವಿದ್ಯಾರ್ಥಿಯ 'ಹಿಮಗಿರಿಯ ಸಂಜೆ' ಎಂಬ ಚಿತ್ರವನ್ನು ಯಾರೋ ದೊರೆಗಳು ತಮ್ಮ ಬಂಗಲೆಗೆ ಕೊಂಡೊಯ್ದರಂತೆ. ಆ ಹಿಮಗಿರಿ ನಮಗೆ ಚೆನ್ನಾಗಿ ಪರಿಚಯ. ಆಂಡರ್ಸನ್‌ಪೇಟೆಯ ದಾರಿಯಿಂದ ಕಾಣುವ, ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಸಯನೈಡ್ ಮಣ್ಣಿನ ಗುಡ್ಡೆ ಅದು. ಚಿತ್ರದಲ್ಲಿ ಗುಡ್ಡೆ ಮೇಲಿನ ಮೇಕೆಗಳನ್ನು ಬಿಟ್ಟಿದ್ದಾರೆ, ಅಷ್ಟೆ. ಗಾಳಿ ಎದ್ದಾಗ ಆ ಹಿಮ ನಮ್ಮ ಕಣ್ಣಿಗೂ ಮುದ್ದೆಗೂ ಬೀಳುತ್ತದೆ. ಗುಡ್ಡೆಯನ್ನು ಹಿಮಾಲಯ ಮಾಡಿದ್ದರಿಂದ ಯಾರ ಸಂಸಾರವೂ ಕೆಡಲಿಲ್ಲ, ಹಾಗಾಗಿ ನನ್ನ ತಕರಾರು ಅದರ ಮೇಲಿಲ್ಲ. ಬರಹದ ಕೊನೆಯಲ್ಲಿ ಅಚ್ಚಾಗಿದ್ದ ಪಟದ ಮೇಲಿದೆ. 'ಸ್ವರ್ಣಭೂಮಿಯ ವಿಧವೆ. ಗಣಿಯಲ್ಲಿ ಪತಿಯನ್ನು ಕಳೆದುಕೊಂಡ ಬಡ ತರುಣಿ. ಕಣ್ಣಾರೆ ಕಂಡು ರಚಿಸಿದ್ದು.' ಆ ಬಡ ತರುಣಿಯೇ ನನ್ನ ಅಕ್ಕ ಮುನಿರತ್ನಮ್ಮ.

ಇಷ್ಟು ಮಾತನಾಡಲು ನೀನು ಯಾರೆಂದು ತಾವು ಕೇಳಬಹುದು. ನಾನು ಬೂದಿಕೋಟೆ ಹೋಬಳಿಯವನು. ಬಂಗಾರಪೇಟೆಯಲ್ಲಿ ನಾಲ್ಕನೇ ಫಾರಂ ಓದುತ್ತಿದ್ದಾಗ ಶಾಲೆ ಬಿಟ್ಟೆ. ಬಿಟ್ಟದ್ದೂ ಚಿತ್ರದ ದೆಸೆಯಿಂದಲೇ. ಇನ್‌ಸ್ಪೆಕ್ಟರ್ ಬರುವ ದಿನ ನಮ್ಮ ಡ್ರಾಯಿಂಗ್ ಮೇಷ್ಟ್ರು ತಾವೇ ಬರೆದ ಹೂಜಿ, ನವಿಲು, ಕಮಲಗಳಿಗೆ ನಮ್ಮ ಹೆಸರು ಹಾಕಿ ಗೋಡೆಗೆ ಅಂಟಿಸಿದ್ದರು. ನನ್ನ ಪಾಲಿಗೆ ನವಿಲು ಬಂದಿತ್ತು. ಬಹಳ ಚೆನ್ನಾಗಿದೆ, ನೀನೇ ಬರೆದೆಯಾ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಇಲ್ಲವೆಂದೆ. ಮರುದಿನದಿಂದ ಆ ಶಾಲೆಗೂ ನನಗೂ ಹೊಂದಿಕೆಯಾಗಲಿಲ್ಲ. ಆಮೇಲೆ ಅಕ್ಕಿ ಗಿರಣಿಯಲ್ಲಿ ಸ್ವಲ್ಪ ದಿನ, ರೈಲ್ವೆ ಸ್ಟೇಷನ್ನಿನಲ್ಲಿ ಸ್ವಲ್ಪ ದಿನ ಇದ್ದು, ಈಗ ಆಂಡರ್ಸನ್‌ಪೇಟೆಯಲ್ಲಿ ಅಶ್ವತ್ಥಪ್ಪನವರ ಸೋಡಾ ಅಂಗಡಿಯಲ್ಲಿದ್ದೇನೆ. ಒಂದು ಕಡೆ ನಿಲ್ಲುವವನಲ್ಲವೆಂದು ನಮ್ಮಪ್ಪ ಬೈಯುತ್ತಾರೆ. ನಿಲ್ಲಬೇಕಾದ ಕಡೆ ನಿಲ್ಲುತ್ತೇನೆಂಬುದನ್ನು ತೋರಿಸುವುದಕ್ಕಾದರೂ ಈ ಕಾಗದ ಮುಗಿಸಬೇಕಾಗಿದೆ.

ಹೋದ ಕಾರ್ತಿಕದಲ್ಲಿ ತಾವು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಕೋರಮಂಡಲಿನ ಕೂಲಿ ಲೈನಿಗೆ ಬಂದದ್ದು ತಮಗೆ ನೆನಪಿರಬೇಕು. ಅಕ್ಕ ಮದುವೆಯಾಗಿ ಬಂದ ಮನೆ ಅಲ್ಲಿದೆ. ಆ ಹೊತ್ತಿಗೆ ಅವಳಿಗೆ ನೀರು ಹೊತ್ತುಕೊಡಲೆಂದು ನಾನೂ ಹೋಗಿದ್ದೆ. ತಾವು ಕೊಡೆ ಹಿಡಿದು ಬಿದಿರು ತಟ್ಟಿಯ ಮನೆಗಳ ಸಾಲಿನುದ್ದಕ್ಕೂ ನಡೆದಿರಿ. ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡುತ್ತಾ, ಇದರಲ್ಲಿ ದುಃಖವಿಲ್ಲ, ಅದರಲ್ಲಿ ಆಳವಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಿರಿ. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವವರು ಹೀಗೆಯೇ ಮಾಡುತ್ತಾರೆ. ಆದರೆ ಅವರು ಬದನೆಕಾಯಿಗೆ ಅರ್ಥವಾಗುವ ಭಾಷೆಯಲ್ಲಿ ಬೈಯುತ್ತಾರೆ. ನನಗೆ ಅಷ್ಟು ಇಂಗ್ಲಿಷ್ ತಿಳಿಯುವುದರಿಂದ ಅಯ್ನೋರು ದುಃಖ ಹುಡುಕುತ್ತಿದ್ದಾರೆಂದು ಹೆಂಗಸರಿಗೆ ಹೇಳಿದೆ.

ಆಗ ಮುಂದೆ ಬಂದವರು ಪಿಳ್ಳಮ್ಮ. ಅವರ ಗಂಡ ಏರ್‌ಬ್ಲಾಸ್ಟಿನಲ್ಲಿ, ಅಂದರೆ ಸುರಂಗದ ಬಂಡೆ ತಾನಾಗಿ ಸಿಡಿದಾಗ, ಅದರ ಕೆಳಗಾದವರು. ಆಮೇಲೆ ಅದಿರು ಆರಿಸಿ ಮಕ್ಕಳನ್ನು ಸಾಕಿದ ಹೆಂಗಸು. ಬಾಯಿ ತುಂಬ ಎಲೆ ಅಡಿಕೆ ಇತ್ತು.

"ದುಃಖ ಬೇಕಾ ಸಾಮಿ? ನಂತಾವ ಐತೆ, ಬರ್ಕೊಳ್ಳಿ. ನಂದು ಅಸಲು ಮಾಲು."

ಲೈನೆಲ್ಲ ನಕ್ಕಿತು. ಅವರೂ ನಕ್ಕರು. ನಗುವ ವಿಧವೆ ತಮ್ಮ ಶಾಸ್ತ್ರದಲ್ಲಿ ಇಲ್ಲವೆಂದು ತೋರುತ್ತದೆ, ತಾವು ಕೊಡೆಯನ್ನು ಇನ್ನೊಂದು ಭುಜಕ್ಕೆ ತಿರುಗಿಸಿ ಮುಂದೆ ನಡೆದಿರಿ. ಅಕ್ಕ ಬಾಗಿಲಲ್ಲಿ ಕೂತು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಅವಳ ಕೊರಳು ಸ್ವಲ್ಪ ಉದ್ದ, ಕಣ್ಣು ಸ್ವಲ್ಪ ಇಳಿಬಿದ್ದಂತಿದೆ. ಅದು ನಮ್ಮಮ್ಮನ ಕಡೆಯಿಂದ ಬಂದದ್ದು. ನಮ್ಮಜ್ಜಿ ಹೋಳಿಗೆ ತಿನ್ನುವಾಗಲೂ ಹಾಗೆಯೇ ಕಾಣುತ್ತಿದ್ದಳು. ತಾವು ಅಲ್ಲಿ ನಿಂತಿರಿ. ದುಃಖ ಸಿಕ್ಕಿತು.

ಇನ್ನು ಮುಂದಿನದನ್ನು ಓದುಗರಿಗೂ ತಿಳಿಯುವಂತೆ ಹೇಳಬೇಕು. ನಮ್ಮ ಲೈನಿನ ಹೆಂಗಸರಿಗೆ ಒಂದು ಕಟ್ಟಳೆ ಇದೆ. ಗಂಡ ಸುರಂಗಕ್ಕಿಳಿದ ಮೇಲೆ ಅವನು ಮೇಲೆ ಬರುವ ತನಕ ಹಣೆ ತೊಳೆಯುವುದಿಲ್ಲ, ಬಳೆ ಕಳಚುವುದಿಲ್ಲ, ತಲೆ ಬಿಚ್ಚುವುದಿಲ್ಲ. ಬೆವರಿಗೆ ಕುಂಕುಮ ಕರಗಿ ಇಳಿದರೆ ಒರೆಸದೆ ಅದರ ಮೇಲೆಯೇ ಇನ್ನೊಂದು ಇಟ್ಟುಕೊಳ್ಳುತ್ತಾರೆ. ಪಾಳಿ ಮುಗಿಯುವ ಹೊತ್ತಿಗೆ ಕೆಲವರ ಅರ್ಧ ಹಣೆ ಕೆಂಪಾಗಿರುತ್ತದೆ. ನೋಡಲು ಅಷ್ಟೇನೂ ಚೆಂದವಲ್ಲ. ಕೆಳಗೆ ಇಳಿದವರನ್ನು ಮೇಲಕ್ಕೆ ತರಲು ಕುಂಪಣಿಯವರು ಉಕ್ಕಿನ ಹಗ್ಗ ನಂಬುತ್ತಾರೆ, ಇವರು ಇದನ್ನು ನಂಬುತ್ತಾರೆ. ಎರಡೂ ಕೆಲವು ಸಲ ಹರಿಯುತ್ತವೆ. ಅವತ್ತು ನನ್ನ ಭಾವ ಆಂಜನಪ್ಪ ಬೆಳಗಿನ ಪಾಳಿಗೆ ಇಳಿದಿದ್ದರು.

ತಾವು ಅಕ್ಕನಿಗೆ ಮುಖ ತೊಳೆದು ಬಂದು ಕೂರಲು ಹೇಳಿದಿರಿ. ಅವಳು ಆಗುವುದಿಲ್ಲವೆಂದಳು. ತಾವು ಗದರಿಸಲಿಲ್ಲ, ಅಷ್ಟನ್ನು ಒಪ್ಪಿಕೊಳ್ಳುತ್ತೇನೆ. ಮಗುವಿಗೆ ಹೇಳುವಂತೆ ಮತ್ತೊಮ್ಮೆ ಹೇಳಿದಿರಿ.

"ಅವ್ರು ಮ್ಯಾಕೆ ಬರ್ಲಿ ಸಾಮಿ," ಎಂದಳು ಅಕ್ಕ. "ಆಮೇಲೆ ತೊಳ್ಕೊತೀನಿ. ಅಲ್ಲೀಗಂಟ ನೀವು ಯಾರೇ ಏಳಿದ್ರೂ ಆಗಾಕಿಲ್ಲ."

ತಾವು ಬೇಸರಪಟ್ಟು ಕೆಲಸವನ್ನು ಒಬ್ಬ ವಿದ್ಯಾರ್ಥಿಗೆ ಒಪ್ಪಿಸಿ, ಗಣಿಯ ಬಂಗಲೆಗೆ ಊಟಕ್ಕೆ ಹೋದಿರಿ. ಆ ಹುಡುಗ ಒಳ್ಳೆಯವನು. ಅಲ್ಲಿಯೇ ಕೂತು, ಅಕ್ಕ ಕೊಟ್ಟ ಮಜ್ಜಿಗೆ ಕುಡಿದು, ಅವಳನ್ನು ಇದ್ದಂತೆಯೇ ಬರೆದ. ಇಳಿದು ಮೂಗಿನ ತನಕ ಬಂದಿದ್ದ ಕುಂಕುಮವನ್ನೂ ಬರೆದ. ಆ ಕೆಂಪನ್ನು ಎಷ್ಟು ದಪ್ಪಗೆ ಹಚ್ಚಿದನೆಂದರೆ, ಹಣೆಗೆ ಹಚ್ಚಿ ಬಣ್ಣ ಉಳಿದರೆ ಬಾಗಿಲಿಗೂ ಬಳಿದು ಹೋಗಪ್ಪ ಎಂದು ಪಿಳ್ಳಮ್ಮ ಅವನನ್ನು ಚುಡಾಯಿಸಿದರು. ಹಸಿರು ಬಳೆ, ಮೊರ, ರಾಗಿ, ಎಲ್ಲವೂ ಇದ್ದವು. ಪಾಳಿ ಮುಗಿಸಿ ಬಂದ ಭಾವ ಅದನ್ನು ನೋಡಿ, ಇವಳು ನನ್ನನ್ನು ಬೈಯುವ ಮೊದಲು ಹೀಗೇ ಕಾಣುತ್ತಾಳೆ, ಸರಿಯಾಗಿ ಬರೆದಿದ್ದೀಯ ಎಂದು ಹುಡುಗನ ಬೆನ್ನು ತಟ್ಟಿದರು. ತಾವು ಪಟಕ್ಕೆ 'ವಿಧವೆ' ಎಂದು ಹೆಸರಿಟ್ಟಿರಲ್ಲ, ಆ ವಿಧವೆಯ ಸತ್ತ ಗಂಡ ಹೀಗೆ ತನ್ನ ಕೈಯಿಂದ ಚಿತ್ರಕಾರನ ಬೆನ್ನು ತಟ್ಟಿದ್ದಾರೆ. ಇದು ಕೂಡ ತಮ್ಮ ಸಾಧನೆಗಳಲ್ಲಿ ಸೇರಬಹುದು. ಬೇರೆ ಯಾವ ವಿಶ್ವವಿದ್ಯಾನಿಲಯಕ್ಕೂ ಇಂಥ ಪ್ರಶಂಸೆ ಸಿಕ್ಕಿರಲಾರದು.

ಆ ಸಮಯದಲ್ಲಿ ಅಕ್ಕನ ಅತ್ತೆ ಚಿಕ್ಕಮುನಿಯಮ್ಮ ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆ ಹೋಗಿದ್ದರು. ಅವರು ಹಿಂದಿರುಗಿದ ಮೇಲೆ, ಸಂಕ್ರಾಂತಿಯ ಆಸುಪಾಸಿನಲ್ಲಿ, ಸುರಂಗದಲ್ಲಿ ಏರ್‌ಬ್ಲಾಸ್ಟ್ ಆಯಿತು. ಲೈನಿನ ಗೂಡುಗಳಿಂದ ಪಾತ್ರೆಗಳು ಉರುಳಿದವು. ಭಾವನ ಭುಜಕ್ಕೆ ಕಲ್ಲು ಬಿತ್ತು. ಆಸ್ಪತ್ರೆಯಲ್ಲಿ ಮಲಗಿ, ಎದ್ದು, ಮತ್ತೆ ಕೆಲಸಕ್ಕೆ ಇಳಿದರು. ಅಲ್ಲಿಗೆ ಅದು ಮುಗಿದು ಹೋಗಬೇಕಾಗಿತ್ತು. ಅಷ್ಟರಲ್ಲಿ ತಮ್ಮ ಸಾಧನೆಗಳು ಬಂದವು.

ನಮ್ಮ ಸೋಡಾ ಅಂಗಡಿಯಲ್ಲಿ ಪತ್ರಿಕೆ ತರಿಸುವುದು ಅಶ್ವತ್ಥಪ್ಪನವರು. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುವುದೂ ಅವರೇ. ಅವತ್ತು ಸೊಸೆಯ ಪಟ ಬಂದಿದೆಯೆಂದು ಯಾರೋ ಚಿಕ್ಕಮುನಿಯಮ್ಮನನ್ನು ಕರೆತಂದಿದ್ದರು. ಅವರು ಸಂತೋಷದಿಂದಲೇ ಬಂದರು. ನಾನು ಒಳಗೆ ಸೀಸೆ ತೊಳೆಯುತ್ತಿದ್ದೆ. ಅಶ್ವತ್ಥಪ್ಪನವರು ಪಟದ ಕೆಳಗಿನ ಅಕ್ಷರಗಳನ್ನು ಓದತೊಡಗಿ, 'ಪತಿಯನ್ನು' ಎಂಬಲ್ಲಿ ದನಿ ಇಳಿಸಿದರು. ಇಳಿಸಿದ್ದೇ ತಪ್ಪಾಯಿತು. ಮುದುಕಿ ಪತ್ರಿಕೆ ಕಿತ್ತುಕೊಂಡು ಪಟವನ್ನು ಬೆಳಕಿಗೆ ಹಿಡಿದು ನೋಡಿದರು. ಹಣೆ ಬೋಳು. ಕೈ ಬೋಳು. ಮೊರವೂ ಇರಲಿಲ್ಲ, ರಾಗಿಯೂ ಇರಲಿಲ್ಲ. ತಮ್ಮ ವಿಧವೆಗೆ ಊಟದ ಗೊಡವೆಯೂ ಇಲ್ಲವೆಂದು ಕಾಣುತ್ತದೆ.

ಕಪ್ಪು ಬಿಳುಪಿನಲ್ಲಿ ಅಚ್ಚಾದ ಪಟಕ್ಕೂ ಫೋಟೋಗೂ ವ್ಯತ್ಯಾಸ ಏನೆಂದು ಹೇಳುವುದಕ್ಕೆ ನಮ್ಮ ಲೈನಿನಲ್ಲಿ ಯಾರಿದ್ದಾರೆ? ಫೋಟೋ ಅಲ್ಲ, ಕೈಯಲ್ಲಿ ಬರೆದದ್ದು ಎಂದು ನಾನು ಹೇಳಿದೆ. ಬರೆದದ್ದಾದರೂ ಕಣ್ಣಾರೆ ಕಂಡು ಬರೆದದ್ದೆಂದು ಅಚ್ಚಾಗಿದೆಯಲ್ಲ ಎಂದು ಅಶ್ವತ್ಥಪ್ಪನವರು ಕಾನೂನು ಎತ್ತಿದರು. ಅಂದರೆ ಮಗ ಸುರಂಗದಲ್ಲಿದ್ದಾಗ ಸೊಸೆ ಹಣೆ ತೊಳೆದು, ಬಳೆ ಕಳಚಿ, ಗಂಡ ಸತ್ತವಳಂತೆ ನಾಲ್ಕು ಜನ ಗಂಡಸರ ಮುಂದೆ ಕೂತಿದ್ದಳು. ಎರಡು ತಿಂಗಳೊಳಗೆ ಮಗನ ಮೇಲೆ ಕಲ್ಲು ಬಿತ್ತು. ಇಷ್ಟಾದ ಮೇಲೆ ಮುದುಕಿಗೆ ಇನ್ನೇನು ತಾನೆ ಲೆಕ್ಕ ಬೇಕು? ಲೈನಿನ ಹೆಂಗಸರೆಲ್ಲ ಬಂದು ಅಕ್ಕ ಹಣೆ ಅಳಿಸಲಿಲ್ಲವೆಂದು ಹೇಳಿದರು. ನೀವೆಲ್ಲ ಒಂದೇ ಕೊಳಾಯಿ ನೀರು ಹಿಡಿಯೋರು, ಹಾಗಲ್ಲದೆ ಇನ್ನೇನು ಹೇಳೀರಿ ಎಂದು ಮುದುಕಿ ಅವರ ಬಾಯಿ ಮುಚ್ಚಿಸಿದರು. ಪಟದಲ್ಲಿ ಕುಂಕುಮ ಇತ್ತೆಂದು ಭಾವ ಬಾಯಿ ತೆರೆದಾಗ, ಹೆಂಡತಿಯ ಪರ ಬರಬೇಡವೆಂದು ಗದರಿಸಿದರು. ನಾನು ಹೇಳಿದ್ದಕ್ಕೆ ಬಂದ ಉತ್ತರ ಇದು.

"ಇಲ್ದಿರೋದ್ನ ಯಾವನಾದ್ರೂ ಬರೀತಾನೇನ್ಲಾ? ಓದಿರೋರು ಕಣ್ಲಾ ಅವ್ರು. ಬರ್ದೋರೇ ಬಂದು ನನ್ ಮುಂದೆ ಏಳ್ಲಿ, ಒಪ್ಕೊತೀನಿ. ನೀನು ಏಳ್‌ಬ್ಯಾಡ."

ಮಾನ್ಯರೇ, ಚಿತ್ರಕಲೆಯ ಮೇಲೆ ಇಷ್ಟು ಗೌರವವಿರುವ ವ್ಯಕ್ತಿ ತಮಗೆ ಬೊಂಬಾಯಿಯಲ್ಲಿ ಸಿಕ್ಕಿದ್ದರೇ? ಓದಿದವರು ಇಲ್ಲದ್ದನ್ನು ಬರೆಯುವುದಿಲ್ಲವೆಂದು ಈ ಮುದುಕಿ ನಂಬುತ್ತಾರೆ. ಅದೇ ನಂಬಿಕೆಯ ಮೇಲೆ ನನ್ನ ಅಕ್ಕನನ್ನು ತೌರಿಗೆ ಅಟ್ಟಿದ್ದಾರೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರ ಗಂಡನೂ ಅದೇ ಸುರಂಗದಲ್ಲಿ ಹೋದವರು. ತಮಗೆ ನಿಜವಾಗಿ ವಿಧವೆ ಬೇಕಾಗಿದ್ದರೆ ಅದೇ ಮನೆಯಲ್ಲಿ ಒಬ್ಬರಿದ್ದರು, ಪಕ್ಕದ ಮನೆಯಲ್ಲಿ ಪಿಳ್ಳಮ್ಮ ಇದ್ದರು, ಎದುರು ಸಾಲಿನಲ್ಲಿ ಇನ್ನಷ್ಟು ಜನ. ಆ ಸರಕಿಗೆ ನಮ್ಮಲ್ಲಿ ಯಾವತ್ತೂ ಬರವಿಲ್ಲ. ಒಬ್ಬರಿಗೆ ಹಲ್ಲಿಲ್ಲ, ಒಬ್ಬರು ನಗುತ್ತಾರೆ, ಒಬ್ಬರ ಕೊರಳು ಗಿಡ್ಡ. ಅದಕ್ಕೇನು ಮಾಡೋಣ? ಗಂಡ ಸಾಯುವ ಮೊದಲು ಕಂಪೋಸಿಷನ್ ನೋಡಿಕೊಂಡು ಸಾಯಬೇಕೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಈಗಿನ ಸ್ಥಿತಿ ಹೀಗಿದೆ. ಯುಗಾದಿ ಕಳೆದ ಮೇಲೆ ಮಗನಿಗೆ ಬೇರೆ ಹೆಣ್ಣು ನೋಡುವುದಾಗಿ ಚಿಕ್ಕಮುನಿಯಮ್ಮ ಹೇಳಿದ್ದಾರೆ. ಹೇಳುವುದೇನು, ಕಾಮಸಮುದ್ರದ ಕಡೆ ಒಂದು ಮನೆಯಲ್ಲಿ ಮಾತೂ ಆಡಿ ಬಂದಿದ್ದಾರೆ. ಭಾವ ತಾಯಿಗೆ ಎದುರಾಡುವ ಪೈಕಿಯಲ್ಲ. ಆದರೆ ರಜಾ ಸಿಕ್ಕಿದ ದಿನ ಯಾರಿಗೂ ಹೇಳದೆ ರೈಲು ಹತ್ತಿ, ಬಂಗಾರಪೇಟೆಯಲ್ಲಿಳಿದು, ನಡೆದುಕೊಂಡು ನಮ್ಮೂರಿಗೆ ಬರುತ್ತಾರೆ. ಮೊದಲ ಸಲ ಬಂದಾಗ ಅಕ್ಕ ಒಳಗಿಂದ ಹೊರಗೆ ಬರಲೇ ಇಲ್ಲ. ಅವರು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಕೇಳಿದರು.

"ಸತ್ತೋನು ಬಂದವ್ನೆ. ಒಂದು ಚೊಂಬು ಮಜ್ಜಿಗೆ ಸಿಗ್ತದಾ?"

ಅಮ್ಮ ನಕ್ಕುಬಿಟ್ಟಳು. ಅಕ್ಕ ಮಜ್ಜಿಗೆ ತಂದುಕೊಟ್ಟಳು, ನಗಲಿಲ್ಲ. ಪಾಳಿ ಯಾವ ಹೊತ್ತಿನದು, ಊರಿಗೆ ಬರುವಾಗ ಭುಜ ನೋಯಲಿಲ್ಲವೇ, ಇಷ್ಟು ಮಾತ್ರ ಕೇಳಿದಳು. ಪಾಳಿಯ ಹೊತ್ತನ್ನು ಏಕೆ ಕೇಳಿದಳೆಂದು ನಮಗೆಲ್ಲ ಗೊತ್ತು. ಅವಳೀಗ ಲೈನಿನಿಂದ ಎಷ್ಟೋ ಮೈಲಿ ದೂರದಲ್ಲಿದ್ದರೂ ಆ ಹೊತ್ತಿನಲ್ಲಿ ಹಣೆ ತೊಳೆಯುವುದಿಲ್ಲ. ಹಣೆ ಅಳಿಸಿದಳೆಂದು ತಾವು ಬೊಂಬಾಯಿಗೆಲ್ಲ ಸಾರಿದ ಹೆಂಗಸು ಇವಳೇ.

ಇದನ್ನೆಲ್ಲ ತಮಗೆ ಬಾಯಿಮಾತಿನಲ್ಲಿಯೇ ಹೇಳೋಣವೆಂದು ನಾನು ತಮ್ಮ ವಿಭಾಗಕ್ಕೂ ಬಂದಿದ್ದೆ. ಜವಾನ ನನ್ನನ್ನು ಮಾಡೆಲ್ ಆಗಿ ಕೂರಲು ಬಂದವನೆಂದು ತಿಳಿದು ಒಳಗೆ ಬಿಟ್ಟ. ಸತ್ಯ ಹೇಳಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದನೋ ಏನೋ, ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ತಮ್ಮ ಕೊಠಡಿಯಲ್ಲಿ ಅಕ್ಕ ಗೋಡೆಯ ಮೇಲಿದ್ದಳು. ಹತ್ತಿರ ಹೋಗಿ ನೋಡಿದೆ. ಮುಖವೆಲ್ಲ ನುಣುಪಾಗಿದೆ, ಹಣೆ ಮಾತ್ರ ಉಬ್ಬಿದೆ. ಹುಡುಗ ದಪ್ಪಗೆ ಹಚ್ಚಿದ್ದ ಕೆಂಪಿನ ಮೇಲೆ ಮೈಬಣ್ಣ ಬಳಿದಿದ್ದೀರಿ. ಅಡ್ಡ ಬೆಳಕಿನಲ್ಲಿ ಕುಂಕುಮದ ಆಕಾರ ಈಗಲೂ ಕಾಣುತ್ತದೆ, ಮೂಗಿನ ತನಕ ಇಳಿದದ್ದೂ ಕಾಣುತ್ತದೆ. ಬೊಂಬಾಯಿಯ ತೀರ್ಪುಗಾರರಿಗೆ ಅದು ಕಾಣಲಿಲ್ಲವೆಂದರೆ ಅವರು ಪಟವನ್ನು ದೂರದಿಂದ ನೋಡುವ ದೊಡ್ಡವರಿರಬೇಕು.

ಇದಕ್ಕೆ ಯಾರು ಕೈ ಹಾಕಿದ್ದೆಂದು ಕೇಳಿದೆ. ತಾವು ಮುಚ್ಚಿಡಲಿಲ್ಲ, ಹೆಮ್ಮೆಯಿಂದಲೇ ಹೇಳಿದಿರಿ. ವಿದ್ಯಾರ್ಥಿಯ ಕೆಲಸವನ್ನು ತಿದ್ದುವುದು ಗುರುವಿನ ಕರ್ತವ್ಯ, ಹಣೆಯಲ್ಲಿ ಅಷ್ಟು ಕೆಂಪಿದ್ದರೆ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ ಎಂದಿರಿ. ನನ್ನ ಅಕ್ಕ ಅದನ್ನು ಇಟ್ಟುಕೊಂಡದ್ದೂ ಅದಕ್ಕೇ ಎಂದೆ. ಅವಳ ಗಂಡ ಬದುಕಿದ್ದಾರೆ, ಅವಳ ಬಾಳು ಹಾಳಾಗುತ್ತಿದೆ ಎಂದು ಮೇಲಿನ ಕಥೆಯನ್ನೆಲ್ಲ ಹೇಳಿದೆ. ತಾವು ಕನ್ನಡಕ ತೆಗೆದು ಒರೆಸಿಕೊಂಡು ಶಾಂತವಾಗಿ ಉತ್ತರ ಕೊಟ್ಟಿರಿ.

"ಅದು ನಿನ್ನ ಅಕ್ಕನಲ್ಲಪ್ಪ. ಅದು ದುಃಖ."

"ದುಃಖದ ಗಂಡ ಕೋರಮಂಡಲಿನಲ್ಲಿ ಕೆಲಸ ಮಾಡ್ತಾರೆ ಸಾರ್," ಎಂದೆ.

ಆಮೇಲೆ ತಮಗೆ ತರಗತಿ ಇತ್ತು.

ದಾರಿಯುದ್ದಕ್ಕೂ ತಮ್ಮ ಮಾತನ್ನು ಯೋಚಿಸುತ್ತಾ ಬಂದೆ. ಅದು ಅಕ್ಕನಲ್ಲದಿದ್ದರೆ 'ಕಣ್ಣಾರೆ ಕಂಡು' ಎಂದು ಏಕೆ ಬರೆದಿರಿ? ಕಂಡದ್ದು ಯಾರನ್ನು? ದುಃಖವು ಮೊರ ಹಿಡಿದು ಬಾಗಿಲಲ್ಲಿ ಕೂತಿತ್ತೇ? ತಮ್ಮ ವಿದ್ಯಾರ್ಥಿಗೆ ಮಜ್ಜಿಗೆ ಕೊಟ್ಟಿತೇ? ಮನಸ್ಸಿನಲ್ಲಿ ಹುಟ್ಟಿದ ಚಿತ್ರವೆಂದು ಹೇಳಿದ್ದರೆ ಚಿಕ್ಕಮುನಿಯಮ್ಮ ಪತ್ರಿಕೆಯನ್ನು ಮಡಿಸಿ ಮನೆಗೆ ಹೋಗುತ್ತಿದ್ದರು. ಆದರೆ ಮನಸ್ಸಿನಲ್ಲಿ ಹುಟ್ಟಿದ್ದಕ್ಕಿಂತ ಕಣ್ಣಿಂದ ಕಂಡದ್ದಕ್ಕೆ ಬೊಂಬಾಯಿಯಲ್ಲಿ ಬೆಲೆ ಹೆಚ್ಚು. ಹೀಗಾಗಿ ತಮಗೆ ನಿಜದ ಹೆಸರೂ ಬೇಕಾಯಿತು, ನಿಜವನ್ನು ಅಳಿಸುವ ಹಕ್ಕೂ ಬೇಕಾಯಿತು. ನವಿಲು ಬರೆದು ನನ್ನ ಹೆಸರು ಹಾಕಿದ ನಮ್ಮ ಡ್ರಾಯಿಂಗ್ ಮೇಷ್ಟ್ರು ಇದಕ್ಕಿಂತ ಎಷ್ಟೋ ವಾಸಿ. ಅವರ ನವಿಲಿಗೆ ಗಂಡ ಇರಲಿಲ್ಲ.

ಅಕ್ಕ ತನ್ನ ಪಟವನ್ನು ನೋಡಬಾರದೆಂದು ಮನೆಯಲ್ಲಿ ಪತ್ರಿಕೆಯನ್ನು ಅಡಗಿಸಿಟ್ಟಿದ್ದೆವು. ಹುಡುಕಿ ತೆಗೆದು ನೋಡಿದಳು. ಅಳಬಹುದೆಂದು ಅಮ್ಮ ಹತ್ತಿರ ಹೋಗಿ ಕೂತಳು. ಬಹಳ ಹೊತ್ತು ನೋಡಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ಚೆನ್ನಾಗೇ ಬರ್ದವ್ರೆ ಕಣ್ಲಾ. ನಾನು ಮುಂಡೆ ಆದ್ರೆ ಇಂಗೇ ಕಾಣ್ತೀನಿ."

ತಮ್ಮ ಕಲೆಗೆ ಸಿಕ್ಕಿದ ಎಲ್ಲ ಹೊಗಳಿಕೆಗಳಲ್ಲಿ ಇದೇ ದೊಡ್ಡದು. ಹೆಣ್ಣೊಬ್ಬಳಿಗೆ ಯಾವ ಕನ್ನಡಿಯೂ ತೋರಿಸದ ಮುಖವನ್ನು ತಾವು ತೋರಿಸಿದ್ದೀರಿ. ಪಾಳಿಯ ಹೊತ್ತಿನಲ್ಲಿ ಅವಳು ಈಗ ಆ ಮುಖವನ್ನು ಕಣ್ಣ ಮುಂದೆ ಇಟ್ಟುಕೊಂಡೇ ರಾಗಿ ಬೀಸುತ್ತಾಳೆ. ಸಾಧನೆಗಳ ಬರಹ ಇನ್ನೊಮ್ಮೆ ಅಚ್ಚಾದರೆ ಇದನ್ನು ದಯವಿಟ್ಟು ಬಿಡಬಾರದು.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಯುಗಾದಿಗೆ ಮೊದಲು ತಾವೇ ಕೋರಮಂಡಲಿಗೆ ಬರಬೇಕು. ಚಿಕ್ಕಮುನಿಯಮ್ಮನ ಬಾಗಿಲಲ್ಲಿ ನಿಂತು, ತಾಯೀ, ನಿಮ್ಮ ಸೊಸೆ ಹಣೆ ಅಳಿಸಲಿಲ್ಲ, ಅಳಿಸಿದ್ದು ನಾನು ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಬರೆದವರ ಮಾತನ್ನು ಒಪ್ಪುವುದಾಗಿ ಅವರು ಎಲ್ಲರೆದುರು ಹೇಳಿದ್ದಾರೆ, ಅವರು ಮಾತು ತಪ್ಪುವವರಲ್ಲ. ಅದೇ ಮಾತನ್ನು ಈ ಪತ್ರಿಕೆಯಲ್ಲೂ ಅಚ್ಚು ಮಾಡಿಸಬೇಕು. ಹಣೆಯ ಮೇಲೆ ಬಳಿದ ಬಣ್ಣವನ್ನು ಕೆರೆದು ತೆಗೆಯಬೇಕು, ಕೆಳಗಿನ ಕೆಂಪು ಹುಡುಗನದು, ಚೆನ್ನಾಗಿದೆ. ಪಟದ ಚೆಂದ ಕೆಟ್ಟರೆ ಕೆಡಲಿ, ಅದಕ್ಕೆ ತೌರುಮನೆ ಇಲ್ಲ.

ತಾವು ಬರಲಾರಿರಿ ಎಂದರೆ ನಾವೇ ಬರುತ್ತೇವೆ. ತಮ್ಮ ವಿಭಾಗದ ಪ್ರದರ್ಶನ ಯುಗಾದಿಯ ಹಿಂದಿನ ಭಾನುವಾರ ಆರಂಭವೆಂದೂ ಸರ್ವರಿಗೂ ಸ್ವಾಗತವೆಂದೂ ಪತ್ರಿಕೆಯಲ್ಲಿದೆ. ಸರ್ವರಲ್ಲಿ ನಾವೂ ಸೇರುತ್ತೇವೆಂದುಕೊಂಡಿದ್ದೇನೆ. ಅಕ್ಕ ಬರಲು ಒಪ್ಪಿದ್ದಾಳೆ. ಭಾವ ತಾಯಿಗೆ ಮೊದಲ ಬಾರಿ ಎದುರು ಮಾತಾಡಿ, ಅವರನ್ನೂ ಕರೆತರುವುದಾಗಿ ಹೇಳಿದ್ದಾರೆ. ಪಟದ ಒಂದು ಪಕ್ಕ ಅಕ್ಕ ಕುಂಕುಮ ಇಟ್ಟುಕೊಂಡು ನಿಲ್ಲುತ್ತಾಳೆ, ಇನ್ನೊಂದು ಪಕ್ಕ ಭಾವ ಕೈಕಟ್ಟಿ ನಿಲ್ಲುತ್ತಾರೆ, ಅತ್ತೆಯನ್ನು ಅಡ್ಡ ಬೆಳಕಿನ ಕಡೆಗೆ ನಿಲ್ಲಿಸುತ್ತೇನೆ. ಆಗ ತಾವು ಬಂದ ಅತಿಥಿಗಳಿಗೆ ಚಿತ್ರದ ವಿಚಾರ ಹೇಳಬೇಕು. ಯಾರಿಗಾದರೂ ಅನುಮಾನ ಬಂದರೆ ಭಾವನನ್ನೇ ಕೇಳಲಿ. ತಾನು ಬದುಕಿದ್ದೇನೆಂದು ಅವರು ಕನ್ನಡದಲ್ಲೂ ತೆಲುಗಿನಲ್ಲೂ ತಮಿಳಿನಲ್ಲೂ ಹೇಳಬಲ್ಲರು. ಮುದುಕಿಯ ಮುಂದೆ ತಾವು ಒಂದೇ ಒಂದು ಭಾಷೆಯಲ್ಲಿ ನಿಜ ಹೇಳಿದರೆ ಸಾಕು.

ಇಂತಿ,
ತಮ್ಮ ವಿಭಾಗವು ಕೊಂದವರ ಕೈಹಿಡಿದವಳ ತಮ್ಮ,
ಸೊಣ್ಣಪ್ಪ